ಸಿನಿಮಾ ಡಿಸ್ಕ್ ಓಡುತ್ತಿಲ್ಲವೇ? ಎಸೆಯುವ ಮುಂಚೆ ಇಷ್ಟು ಮಾಡಿ ನೋಡಿ

ಕಳೆದ ಮಳೆಗಾಲದಲ್ಲಿ ಮೂಡಿಗೆರೆಯಿಂದ ಚಿಕ್ಕಮ್ಮ ಹಾಸನಕ್ಕೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರ ತುಂಬ ಡಿಸ್ಕ್‌ಗಳು. ಅಂಗಡಿಯಿಂದ ಕೊಂಡ ಕನ್ನಡ ಸಿನಿಮಾಗಳ ವಿಸಿಡಿ, ಡಿವಿಡಿ, ಮಗಳ ಮದುವೆಯ ಡಿವಿಡಿ, ಅಳಿಯ ದುಬೈನಿಂದ ತಂದಿದ್ದ ನಾಲ್ಕು ಇಂಗ್ಲಿಷ್ ಸಿನಿಮಾ. ಎಣಿಸಿದರೆ ಒಟ್ಟು 43. "ಒಂದೂ ಓಡ್ತಿಲ್ಲ ಕಣಪ್ಪ. ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಏನೋ ಇಂಗ್ಲಿಷಲ್ಲಿ ಬರುತ್ತೆ. ಎಲ್ಲಾ ಹೋಗಿರಬೇಕು, ಎಸೆದುಬಿಡ್ಲಾ?" ಅಂತ ಕೇಳಿದರು.

ಎರಡು ವಾರ ಸಂಜೆ ಹೊತ್ತು ಕೂತು ಒಂದೊಂದಾಗಿ ನೋಡಿದೆ. ಮೂರು ವಿಸಿಡಿ ಮತ್ತು ಮದುವೆಯ ಒಂದು ಡಿವಿಡಿ ಬಿಟ್ಟು ಉಳಿದ 39 ಡಿಸ್ಕ್ ಓಡಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ರೋಗವೇ ಇರಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಅದಕ್ಕೇ ಈ ಬರಹ. ಡಿಸ್ಕ್ ಓಡದಿದ್ದರೆ ನಾಲ್ಕು ಕಡೆ ನೋಡಬೇಕು: ಡಿಸ್ಕಿನ ಮೈ, ಡ್ರೈವ್, ಸಾಫ್ಟ್‌ವೇರ್, ಕೊನೆಗೆ ಕಾಪಿ ಮಾಡದಂತೆ, ಬೇರೆ ದೇಶದಲ್ಲಿ ಓಡದಂತೆ ಕಂಪನಿ ಡಿಸ್ಕಿನೊಳಗೆ ಹಾಕಿರುವ ಬೀಗ. ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾಗುವ ತನಕ ಯಾವ ಹೊಸ ಸಾಫ್ಟ್‌ವೇರನ್ನೂ ಇಳಿಸಿಕೊಳ್ಳಬೇಡಿ. ಸುಮ್ನೆ ಸಮಯ ಹಾಳು.

ಮೊದಲು ಡಿಸ್ಕ್ ತೊಳೆಯಿರಿ

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮನೆ ಇರುವವರಿಗೆ ಇದು ಜಾಸ್ತಿ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನೊಳಗಿನ ಡಿಸ್ಕ್ ಮಾತ್ರ ಹೇಗೆ ಉಳಿದೀತು? ಚಿಕ್ಕಮ್ಮನ ಡಿಸ್ಕ್‌ಗಳನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅರ್ಧಕ್ಕರ್ಧದ ಮೇಲೆ ತೆಳ್ಳಗೆ ಮಂಜಿನಂಥ ಪದರ ಕಂಡಿತು. ಮೇಲ್ಮೈ ಮೇಲಿನ ಬೂಷ್ಟಾದರೆ ತೊಳೆದರೆ ಹೋಗುತ್ತದೆ.

ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ. ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದುಂಡಗೆ ಒರೆಸಲೇಬಾರದು. ಮಾಹಿತಿ ಬರೆದಿರುವುದು ದುಂಡಗೆ. ಗೀರು ಅಡ್ಡಲಾಗಿ ಬಿದ್ದರೆ ಸ್ವಲ್ಪ ಸ್ವಲ್ಪ ಮಾಹಿತಿ ಮಾತ್ರ ತಪ್ಪುತ್ತದೆ, ಅದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗೀರು ದಾರಿಯ ಉದ್ದಕ್ಕೆ ಬಿದ್ದರೆ ದೊಡ್ಡ ತುಂಡೇ ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ. ಒರೆಸಿದ ಮೇಲೆ ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಡಿಸ್ಕ್‌ಗಳಲ್ಲಿ ಒಂದು ಬಣ್ಣದ ಪದರವಿರುತ್ತದೆ, ಬಿಸಿಲು ಅದನ್ನು ಹಾಳು ಮಾಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯವನ್ನು ತುಂಬ ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಿಡಿ ಮತ್ತು ವಿಸಿಡಿಯಲ್ಲಿ ಮಾಹಿತಿ ಇರುವುದು ಹೊಳೆಯುವ ಬದಿಯಲ್ಲಲ್ಲ, ಹೆಸರು ಅಚ್ಚಾಗಿರುವ ಬದಿಯಲ್ಲಿ, ಬಣ್ಣದ ತೆಳು ಪದರದ ಕೆಳಗೇ. ಆ ಬದಿಯಲ್ಲಿ ಆಳವಾದ ಗೀರು ಬಿದ್ದರೆ ಮಾಹಿತಿಯೇ ಕಿತ್ತುಹೋಯಿತು ಅಂತ ಅರ್ಥ. ಬೆಳಕಿಗೆ ಹಿಡಿದಾಗ ಸೂಜಿ ತೂತಿನಂತೆ ಚುಕ್ಕೆಗಳು ಕಂಡರೆ ಅಲ್ಲಿನ ಬೆಳ್ಳಿಯಂತೆ ಹೊಳೆಯುವ ಪದರ ಉದುರಿದೆ. ಚಿಕ್ಕಮ್ಮನ ಮೂರು ವಿಸಿಡಿ ಕೈಬಿಟ್ಟಿದ್ದು ಹೀಗೇ. ಡಿವಿಡಿ ಹಾಗಲ್ಲ. ಅದು ತಲಾ 0.6 ಮಿಲಿಮೀಟರ್‌ನ ಎರಡು ಹಾಳೆ ಅಂಟಿಸಿ ಮಾಡಿದ್ದು, ಮಾಹಿತಿ ನಡುವೆ ಭದ್ರವಾಗಿರುತ್ತದೆ. ಡಿವಿಡಿ ಆದಮೇಲೆ ಬಂದ ಬ್ಲೂರೇ ಡಿಸ್ಕಿನಲ್ಲಿ ಮಾಹಿತಿ ಹೊಳೆಯುವ ಬದಿಯಿಂದ 0.1 ಮಿಲಿಮೀಟರ್ ಒಳಗಷ್ಟೇ ಇದೆ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಮದುವೆ ಡಿಸ್ಕ್‌ಗಳ ಮೇಲೆ ವಧೂವರರ ಫೋಟೋ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿರುತ್ತಾರೆ ಅಲ್ವಾ? ತೇವಕ್ಕೆ ಅದು ಉಬ್ಬಿ ಅಂಚಿನಲ್ಲಿ ಏಳುತ್ತದೆ. ಕೀಳಲು ಹೋಗಬೇಡಿ. ಸಿಡಿಯಾದರೆ ಬೆಳ್ಳಿ ಪದರವೂ ಅದರ ಜೊತೆ ಬಂದುಬಿಡುತ್ತದೆ. ಎದ್ದಿರುವ ಭಾಗವನ್ನು ಮಾತ್ರ ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ.

ಆಮೇಲೆ ಡ್ರೈವ್

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿ ಡ್ರೈವ್ ತಂದು ಸಿಕ್ಕಿಸುತ್ತೇವೆ. ಡಿಸ್ಕ್ ತಿರುಗಲು ಶುರುವಾಗಿ, ಕಟ್ ಅಂತ ಸದ್ದಾಗಿ ನಿಂತು, ಮತ್ತೆ ತಿರುಗಿದರೆ ಮೊದಲು ಕರೆಂಟಿನ ಮೇಲೆ ಅನುಮಾನಪಡಿ. ಡಿಸ್ಕ್ ತಿರುಗಲು ಶುರುವಾಗುವಾಗ ಡ್ರೈವ್‌ಗೆ ಜಾಸ್ತಿ ಕರೆಂಟ್ ಬೇಕು, ಹಳೆಯ ಯುಎಸ್‌ಬಿ ಪೋರ್ಟ್ ಕೊಡುವುದು 500 ಮಿಲಿಆಂಪಿಯರ್ ಮಾತ್ರ. ಒಂದು ಪೋರ್ಟನ್ನು ಹಲವು ಮಾಡುವ ಹಬ್ ಇದ್ದರೆ ಅದನ್ನು ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ. ಡ್ರೈವ್ ಜೊತೆ ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಸಿಕ್ಕಿಸಿ. ಚಿಕ್ಕಮ್ಮನ ಮನೆಯ ಸಮಸ್ಯೆಯಲ್ಲಿ ದೊಡ್ಡ ಪಾಲು ಇದೇ ಆಗಿತ್ತು.

ಡಿವಿಡಿ ಓಡುತ್ತದೆ, ಆದರೆ ವಿಸಿಡಿ ಒಂದೂ ಓಡುವುದಿಲ್ಲ ಅಂದರೆ? ಡ್ರೈವ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಲೇಸರ್ ಬೆಳಕು ಇರುತ್ತದೆ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650 ನ್ಯಾನೋಮೀಟರ್. ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಅಂಥ ಡ್ರೈವ್ ಮೇಲೆ ಯಾವ ಸಾಫ್ಟ್‌ವೇರಿನ ಆಟವೂ ನಡೆಯುವುದಿಲ್ಲ. ಬ್ಲೂರೇಗೆ 405 ನ್ಯಾನೋಮೀಟರ್‌ನ ನೀಲಿ ನೇರಳೆ ಬೆಳಕು ಬೇಕು, ಹಾಗಾಗಿ ಡಿವಿಡಿ ಡ್ರೈವ್‌ನಲ್ಲಿ ಬ್ಲೂರೇ ಯಾವತ್ತೂ ಓಡದು. ಅನುಮಾನ ಬಂದಾಗ ಸರಿಯಾಗಿ ಓಡುತ್ತಿರುವ ಅದೇ ಜಾತಿಯ ಡಿಸ್ಕ್ ಹಾಕಿ ನೋಡಿ. ಜೊತೆಗೆ, ಓಡದ ಡಿಸ್ಕನ್ನು ಪಕ್ಕದ ಮನೆಯವರ ಡ್ರೈವ್‌ನಲ್ಲಿ ಹಾಕಿ ನೋಡಿ. ಈ ಎರಡು ಪರೀಕ್ಷೆಯಲ್ಲೇ ಅರ್ಧ ಉತ್ತರ ಸಿಗುತ್ತದೆ.

ಈಗ ಸಾಫ್ಟ್‌ವೇರ್

ಡಿಸ್ಕ್ ಶುದ್ಧ, ಡ್ರೈವ್ ಸರಿ, ಆದರೂ ಸಿನಿಮಾ ಬರುತ್ತಿಲ್ಲ. ವಿಂಡೋಸ್ 8ರಿಂದ ಈಚೆಗೆ, ಅಂದರೆ 2012ರಿಂದ, ವಿಂಡೋಸ್ ಜೊತೆ ಬರುವ ಪ್ಲೇಯರ್‌ನಲ್ಲಿ ಸಿನಿಮಾ ಡಿವಿಡಿ ಓಡಿಸುವ ಸೌಲಭ್ಯವನ್ನೇ ಮೈಕ್ರೋಸಾಫ್ಟ್ ತೆಗೆದುಬಿಟ್ಟಿತು. ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಡಿಸ್ಕ್ ಹೊಸದರಲ್ಲಿ ಓಡದಿರಲು ಇದೇ ಕಾರಣ. ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದನ್ನು ಮಾಡಿದ ವಿಡಿಯೋಲ್ಯಾನ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನಿಂದ ಬೇಡ.

ವಿಎಲ್‌ಸಿ ತೆರೆದು ಮೀಡಿಯಾ ಮೆನುವಿನಲ್ಲಿ ಓಪನ್ ಡಿಸ್ಕ್ ಒತ್ತಿ. ಡಿವಿಡಿಯೋ, ವಿಸಿಡಿಯೋ, ಬ್ಲೂರೇಯೋ ಆರಿಸಿ. ಸಿನಿಮಾ ಶುರುವಾಗುವ ಮುಂಚಿನ ಮೆನುವಿನಲ್ಲೇ ಸಿಕ್ಕಿಹಾಕಿಕೊಂಡರೆ ಅಲ್ಲೇ ಇರುವ 'ನೋ ಡಿಸ್ಕ್ ಮೆನುಸ್' ಅನ್ನೋ ಚೌಕಕ್ಕೆ ಗುರುತು ಹಾಕಿ. ಆಗ ನೇರವಾಗಿ ಸಿನಿಮಾಗೇ ಹೋಗುತ್ತದೆ. ಆಗಾಗ ತಡವರಿಸಿ ನಿಂತರೆ ಪ್ರಿಫರೆನ್ಸಸ್‌ನಲ್ಲಿ ಎಲ್ಲ ಸೆಟ್ಟಿಂಗ್ ತೋರಿಸುವಂತೆ ಮಾಡಿ, ಡಿಸ್ಕ್ ಕ್ಯಾಶಿಂಗ್ ಅನ್ನು 300ರಿಂದ 2000ಕ್ಕೆ ಏರಿಸಿ. ಇದು ಮಿಲಿಸೆಕೆಂಡ್ ಲೆಕ್ಕ. ಎರಡು ಸೆಕೆಂಡಿನಷ್ಟು ಸಿನಿಮಾವನ್ನು ಮುಂಚೆಯೇ ಓದಿಟ್ಟುಕೊಳ್ಳುತ್ತದೆ. ಮಾತು ಕೇಳಿಸಿ ಚಿತ್ರ ಪೂರ್ತಿ ಹಸಿರಾದರೆ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ. ಜನ ಕೈ ಆಡಿಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಬಂದರೆ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಮದುವೆ ವಿಡಿಯೋಗಳಲ್ಲಿ ಇದು ಬಹಳ.

ವಿಸಿಡಿಯ ವಿಷಯವೇ ಬೇರೆ. ನಮ್ಮ ಊರುಗಳಲ್ಲಿ ಸಿನಿಮಾ ಮನೆಗೆ ಬಂದದ್ದು ಹೆಚ್ಚಾಗಿ ವಿಸಿಡಿಯಲ್ಲೇ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದ ಕಾಲದಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೂ ಸಿನಿಮಾ ನೇತುಹಾಕಿರುತ್ತಿದ್ದರು. ವಿಸಿಡಿಗೆ ಡಿವಿಡಿಯಂಥ ಬೀಗ ಇಲ್ಲ. ಡಿಸ್ಕ್ ತೆರೆದರೆ ಎಂಪೆಗ್‌ಎವಿ ಅನ್ನೋ ಫೋಲ್ಡರ್ ಇರುತ್ತದೆ, ಅದರೊಳಗಿನ ಡ್ಯಾಟ್ ಫೈಲೇ ಸಿನಿಮಾ. ವಿಂಡೋಸ್‌ನಲ್ಲಿ ಅದನ್ನು ಎಳೆದು ಹಾಕಿಕೊಂಡರೆ ಸಾಕು, ವಿಎಲ್‌ಸಿ ಓಡಿಸುತ್ತದೆ. ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸ್‌ನಲ್ಲಿ ಹೀಗೆ ಎಳೆದರೆ ಓದಲಾಗುತ್ತಿಲ್ಲ ಅನ್ನೋ ತಪ್ಪು ಬರುತ್ತದೆ. ಡಿಸ್ಕ್ ಕೆಟ್ಟಿದೆ ಅಂತಲ್ಲ. ಕಂಪ್ಯೂಟರ್ ಫೈಲ್ ಇರುವ ಮಾಮೂಲಿ ಸಿಡಿಯ ಒಂದೊಂದು ತುಂಡಿನಲ್ಲಿ 2048 ಬೈಟ್ ಇದ್ದರೆ ವಿಸಿಡಿಯ ಚಿತ್ರದ ತುಂಡಿನಲ್ಲಿ 2324 ಬೈಟ್ ಇರುತ್ತದೆ. ತಪ್ಪು ತಿದ್ದಿಕೊಳ್ಳಲು ಇಟ್ಟಿದ್ದ ಜಾಗವನ್ನೂ ಚಿತ್ರಕ್ಕೇ ಕೊಟ್ಟುಬಿಟ್ಟಿದ್ದಾರೆ. ವಿಎಲ್‌ಸಿಯ ಓಪನ್ ಡಿಸ್ಕ್‌ನಿಂದಲೇ ತೆರೆದರೆ ಅಲ್ಲೂ ಓಡುತ್ತದೆ. ಆ ಜಾಗ ಬಿಟ್ಟುಕೊಟ್ಟಿದ್ದರಿಂದಲೇ ಸಣ್ಣ ಗೀರಿಗೂ ವಿಸಿಡಿ ತಡವರಿಸುತ್ತದೆ.

ಬೀಗದ ಗುರುತು

ಡಿವಿಡಿಯ ಫೋಲ್ಡರನ್ನು ಕಾಪಿ ಪೇಸ್ಟ್ ಮಾಡಿಕೊಂಡಿರಿ ಅನ್ನಿ. ಫೈಲ್ ಇದೆ, ಗಾತ್ರವೂ ಸರಿಯಿದೆ. ಓಡಿಸಿದರೆ ಹಸಿರು, ಗುಲಾಬಿ ಚೌಕಗಳು. ಇದು ಗೀರಲ್ಲ, ಬೀಗ. ಸಿನಿಮಾ ಡಿವಿಡಿಗಳಲ್ಲಿ ಸಿಎಸ್‌ಎಸ್ ಅನ್ನೋ ಬೀಗ ಇರುತ್ತದೆ. ಅದರ ಕೀಲಿ 40 ಬಿಟ್‌ನದು. ಡಿಸ್ಕಿನ ಒಳ ಅಂಚಿನಲ್ಲಿ, ಮಾಮೂಲಿ ಕಾಪಿಗೆ ಸಿಗದ ಜಾಗದಲ್ಲಿ ಕೀಲಿಗಳನ್ನು ಇಟ್ಟಿರುತ್ತಾರೆ. ಚಿತ್ರ ಕಾಪಿ ಆಯಿತು, ಕೀಲಿ ಅಲ್ಲೇ ಉಳಿಯಿತು. 1999ರಲ್ಲಿ ಈ ಬೀಗ ಬಿಡಿಸುವ ಪ್ರೋಗ್ರಾಂ ಹೊರಬಂತು. ಅದರಲ್ಲಿ ಕೈಜೋಡಿಸಿದ್ದ ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್ಸನ್ ಮೇಲೆ ಕೇಸು ನಡೆದು 2003ರಲ್ಲಿ ಖುಲಾಸೆಯೂ ಆಯಿತು. ಇವತ್ತು ವಿಂಡೋಸ್‌ನ ವಿಎಲ್‌ಸಿಯೊಳಗೆ ಲಿಬ್‌ಡಿವಿಡಿಸಿಎಸ್‌ಎಸ್ ಅನ್ನೋ ತುಣುಕು ಸೇರಿಕೊಂಡೇ ಬರುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಬರುವುದಿಲ್ಲ. ಅಲ್ಲಿ libdvd-pkg ಅನ್ನೋ ಪ್ಯಾಕೇಜ್ ಹಾಕಿ, ಅದನ್ನು ಒಮ್ಮೆ ರೀಕಾನ್ಫಿಗರ್ ಮಾಡಬೇಕು. ಪ್ಯಾಕೇಜ್ ಹಾಕಿ ಈ ಎರಡನೇ ಕೆಲಸ ಮರೆಯುವವರೇ ಹೆಚ್ಚು.

ಎರಡನೇ ಬೀಗ ರೀಜನ್. ಲೋಕವನ್ನು ಭಾಗ ಮಾಡಿ ನಂಬರ್ ಕೊಟ್ಟಿದ್ದಾರೆ. ಅಮೆರಿಕ 1, ಯುರೋಪ್ ಮತ್ತು ಕೊಲ್ಲಿ ದೇಶಗಳು 2, ಸಿಂಗಾಪುರದ ಕಡೆ 3, ಆಸ್ಟ್ರೇಲಿಯಾ 4, ನಾವು 5. ಅಳಿಯನ ದುಬೈ ಡಿಸ್ಕ್‌ಗಳು ಓಡದೆ ಇದ್ದದ್ದು ಇದಕ್ಕೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 2000ದಿಂದ ಈಚಿನ ಡ್ರೈವ್‌ಗಳಲ್ಲಿ ರೀಜನ್ ಬದಲಿಸಲು ಐದೇ ಸಲ ಅವಕಾಶ. ಐದನೇ ಸಲ ಎಲ್ಲಿ ನಿಂತಿತೋ ಅಲ್ಲೇ ಕೊನೆ ತನಕ. ವಿಂಡೋಸ್ ಮತ್ತೆ ಹಾಕಿಕೊಂಡರೂ ಎಣಿಕೆ ಮರಳುವುದಿಲ್ಲ, ಅದು ಡ್ರೈವ್‌ನೊಳಗೆ ಬರೆದಿರುತ್ತದೆ. ಹಾಗಾಗಿ ಕೇಳಿದಾಗೆಲ್ಲ ಓಕೆ ಒತ್ತಬೇಡಿ. ವಿಎಲ್‌ಸಿ ಸಾಮಾನ್ಯವಾಗಿ ರೀಜನ್‌ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಮೊದಲು ಅದರಲ್ಲೇ ನೋಡಿ. ಶುರುವಾಗಲು ಒಂದೆರಡು ನಿಮಿಷ ಹಿಡಿದರೂ ಕಾಯಿರಿ. ಹೊಸ ಡ್ರೈವ್‌ನಲ್ಲಿ ರೀಜನ್ನೇ ಹಾಕಿರದಿದ್ದರೂ ಬೀಗದ ಡಿಸ್ಕ್ ಓಡದಿರಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದು, ಡಿವಿಡಿ ರೀಜನ್‌ನಲ್ಲಿ ಒಮ್ಮೆ ಇಂಡಿಯಾ ಅಂತ ಆರಿಸಿ.

ಮೂರನೆಯದು ಮೋಸದ ಗೀರು. ಕೆಲವು ಕಂಪನಿಗಳು ಡಿಸ್ಕಿನಲ್ಲಿ ಬೇಕಂತಲೇ ಓದಲಾಗದ ತುಂಡುಗಳನ್ನು ಇಟ್ಟಿರುತ್ತವೆ. ಸೋನಿಯ ಆರ್ಕೋಸ್ ಅಂಥದ್ದು. ಟಿವಿಯ ಪ್ಲೇಯರ್ ಡಿಸ್ಕ್ ಹೇಳಿದ ದಾರಿಯಲ್ಲಿ ಹೋಗುವುದರಿಂದ ಆ ತುಂಡನ್ನು ಮುಟ್ಟುವುದೇ ಇಲ್ಲ. ಮೊದಲಿಂದ ಕೊನೆ ತನಕ ಸಾಲಾಗಿ ಓದುವ ಸಾಫ್ಟ್‌ವೇರ್ ಮಾತ್ರ ಅಲ್ಲಿ ಮುಗ್ಗರಿಸುತ್ತದೆ. ಕಂಡುಹಿಡಿಯುವುದು ಸುಲಭ. ಡಿಸ್ಕ್ ಕನ್ನಡಿಯಂತಿದೆ, ಟಿವಿಯಲ್ಲಿ ಸರಾಗ ಓಡುತ್ತದೆ, ಆದರೆ ಎರಡು ಬೇರೆ ಡ್ರೈವ್‌ನಲ್ಲೂ ಕಾಪಿ ಅದೇ ಜಾಗದಲ್ಲಿ ನಿಲ್ಲುತ್ತದೆ. ಹಾಗಾದರೆ ಅದು ಇಟ್ಟ ಗೀರು.

ತಪ್ಪಿನ ಸಂದೇಶವನ್ನೂ ಓದಿ, ಮುಚ್ಚಬೇಡಿ. 'ಮೀಡಿಯಂ ಎರರ್', 'ಅನ್‌ಕರೆಕ್ಟಬಲ್' ಅಂತ ಬಂದರೆ ಮತ್ತೆ ಬಚ್ಚಲ ಮನೆಗೆ ಹೋಗಿ ತೊಳೆಯಿರಿ. 'ಸ್ಕ್ರ್ಯಾಂಬಲ್ಡ್ ಸೆಕ್ಟರ್ ವಿದೌಟ್ ಆಥೆಂಟಿಕೇಶನ್' ಅಂತ ಬಂದರೆ ಅದು ಬೀಗ, ಎಷ್ಟು ತೊಳೆದರೂ ಅಷ್ಟೇ.

ಬ್ಲೂರೇ ಬಗ್ಗೆ ಕಡಿಮೆ ಹೇಳುತ್ತೇನೆ. ಅದರ ಎಎಸಿಎಸ್ ಬೀಗದ ಕೀಲಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ. ಹೊಸ ಡಿಸ್ಕ್ ಹಾಕಿದಾಗ ರದ್ದಾದ ಕೀಲಿಗಳ ಪಟ್ಟಿ ಡ್ರೈವ್‌ನೊಳಗೇ ಬಂದು ಕೂರಬಹುದು. ಆಮೇಲೆ ಹಳೆಯ ಸಾಫ್ಟ್‌ವೇರ್‌ನಲ್ಲಿ ನಿನ್ನೆ ಓಡಿದ ಡಿಸ್ಕ್ ಕೂಡ ಇವತ್ತು ನಿಲ್ಲುತ್ತದೆ. ದುಡ್ಡು ಕೊಟ್ಟು ಕೊಂಡ ಪ್ಲೇಯರ್ ಆದರೆ ಮೊದಲು ಅಪ್‌ಡೇಟ್ ಮಾಡಿ. ಹಳೆಯ ವಿಜಿಎ ಕೇಬಲ್ ಬಿಟ್ಟು ಎಚ್‌ಡಿಎಂಐ ಹಾಕಿ. 4ಕೆ ಡಿಸ್ಕಾದರೆ ಅಧಿಕೃತ ಸಾಫ್ಟ್‌ವೇರ್‌ಗೆ ಇಂಟೆಲ್ ಪ್ರೊಸೆಸರ್‌ನ ಎಸ್‌ಜಿಎಕ್ಸ್ ಅನ್ನೋ ಭದ್ರತಾ ಸೌಲಭ್ಯ ಬೇಕಿತ್ತು, ಅದನ್ನು ಇಂಟೆಲ್ ಮನೆಬಳಕೆಯ ಹೊಸ ಪ್ರೊಸೆಸರ್‌ಗಳಿಂದ ತೆಗೆದುಹಾಕಿದೆ. ಅಂದರೆ ಹೊಸ ಕಂಪ್ಯೂಟರ್ ಕೊಂಡರೆ ಓಡುತ್ತೆ ಅನ್ನೋ ಲೆಕ್ಕ ಇಲ್ಲಿ ತಲೆಕೆಳಗು. ಮನೆಯಲ್ಲಿ ಐದಾರು ಬ್ಲೂರೇ ಇದ್ದರೆ ಟಿವಿಗೆ ಸಿಕ್ಕಿಸುವ ಪ್ಲೇಯರ್ ಪೆಟ್ಟಿಗೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ

ಪ್ರತಿ ಮಾಡುವ ಮುಂಚೆ ಇದನ್ನು ಓದಿ. ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅನ್ನೋ ಕಲಂ ಸೇರಿಸಿದರು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದ ತನಕ ಜೈಲು, ಜೊತೆಗೆ ದಂಡ. ಕಾಯ್ದೆ ನಿಷೇಧಿಸದ ಕೆಲಸಕ್ಕಾದರೆ ಈ ಕಲಂ ಅಡ್ಡ ಬರುವುದಿಲ್ಲ ಅಂತಲೂ ಅಲ್ಲೇ ಬರೆದಿದೆ. ಸ್ವಂತ ಬಳಕೆಗೆ ನ್ಯಾಯವಾಗಿ ಬಳಸಿಕೊಳ್ಳುವುದಕ್ಕೆ 52ನೇ ಕಲಂ ಜಾಗ ಕೊಡುತ್ತದೆ. ಆದರೆ ಬೇರೆಯವರಿಗೆ ಬೀಗ ತೆಗೆದುಕೊಡುವವರು, ತೆಗೆಸಿಕೊಂಡವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲೆ ಇಡಬೇಕು. ಕಂಪ್ಯೂಟರ್ ಅಂಗಡಿ ಇಟ್ಟಿರುವ ತಮ್ಮಂದಿರು ಇದನ್ನು ನೆನಪಿಡಿ. ನಾನು ಪಾಲಿಸುವುದು ಇಷ್ಟು: ದುಡ್ಡು ಕೊಟ್ಟು ಕೊಂಡ, ಇನ್ನೂ ನಮ್ಮ ಮನೆಯಲ್ಲೇ ಇರುವ ಡಿಸ್ಕ್ ಮಾತ್ರ. ಬಾಡಿಗೆಗೆ ತಂದದ್ದು, ಗೆಳೆಯರದ್ದು ಬೇಡ. ಪ್ರತಿಯನ್ನು ವಾಟ್ಸ್ಆ್ಯಪ್ ಗುಂಪಿಗೂ ಹಾಕುವುದಿಲ್ಲ, ಪೆನ್‌ಡ್ರೈವ್‌ನಲ್ಲೂ ಹಂಚುವುದಿಲ್ಲ. ಒಂದು ಸಿನಿಮಾದ ಹಿಂದೆ ಎಷ್ಟು ಜನರ ಅನ್ನ ಇದೆ ಅಂತ ನೆನೆದರೆ ಹಂಚಲು ಮನಸ್ಸೂ ಬರುವುದಿಲ್ಲ.

ಸಿನಿಮಾ ಡಿಸ್ಕ್‌ಗಳಿಗೆ, ಬೀಗ ಬಿಡಿಸಿ ಸಿನಿಮಾವನ್ನು ಫೈಲ್ ಮಾಡಿಕೊಡುವ ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರ್ ಬಳಸುವವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಬರುವ ತೊಂದರೆಗಳು ಮೂರು. ಪರೀಕ್ಷಾ ಅವಧಿಯ ಕೀ ಮುಗಿದಿರುತ್ತದೆ, ಹೊಸ ಆವೃತ್ತಿ ಹಾಕಬೇಕು. 120 ಸೆಕೆಂಡ್‌ಗಿಂತ ಚಿಕ್ಕ ತುಣುಕುಗಳನ್ನು ಅದು ತೋರಿಸುವುದಿಲ್ಲ, ಬೇಕಾದರೆ ಸೆಟ್ಟಿಂಗ್‌ನಲ್ಲಿ ಇಳಿಸಬೇಕು. ಮೂರನೆಯದಾಗಿ, ಕೆಲವು ಡಿಸ್ಕ್‌ಗಳು ಒಂದೇ ಉದ್ದದ ಹತ್ತಾರು ನಕಲಿ ಪಟ್ಟಿ ತೋರಿಸಿ ಗೊಂದಲ ಮಾಡುತ್ತವೆ. ಆಗ ಟಿವಿಯಲ್ಲಿ ಓಡಿಸಿ ಎಷ್ಟನೇ ಟೈಟಲ್ ಅಂತ ನೋಡಿಕೊಂಡು ಅದನ್ನೇ ಆರಿಸಿ. ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್ ಬೀಗ ತೆಗೆಯುವುದಿಲ್ಲ. ಬೀಗದ ಡಿಸ್ಕ್ ಹಾಕಿ, ಅದು ಕೆಟ್ಟಿದೆ ಅಂದುಕೊಳ್ಳಬೇಡಿ.

ಮನೆಯ ಡಿಸ್ಕ್‌ಗಳನ್ನು ಮೊದಲು ಮಾಡಿ

ಸಿನಿಮಾ ಕಳೆದುಹೋದರೆ ಇನ್ನೊಂದು ಕಡೆ ಸಿಕ್ಕೀತು. ಮದುವೆ, ನಾಮಕರಣ, ತೀರಿಕೊಂಡ ತಾತನ ಮಾತು ಎಲ್ಲಿ ಸಿಗುತ್ತದೆ? ಅಂಗಡಿ ಡಿಸ್ಕ್ ಅಚ್ಚು ಒತ್ತಿ ಮಾಡಿದ್ದು, ತಡೆಯುತ್ತದೆ. ಸ್ಟುಡಿಯೋದವರು ಬರೆದುಕೊಟ್ಟದ್ದು ಬಣ್ಣದ ಪದರದ ಮೇಲೆ, ವರ್ಷ ಕಳೆದಂತೆ ಮಸುಕಾಗುತ್ತದೆ. ಇವಕ್ಕೆ ಬೀಗವೂ ಇಲ್ಲ. ಹಾಗಾಗಿ ಚೀಲದಿಂದ ಮೊದಲು ಇವನ್ನೇ ತೆಗೆಯಿರಿ.

ಡಿಸ್ಕ್ ಸರಿಯಿದ್ದರೆ ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಹಾಕಿ, ಡಿಸ್ಕಿನಿಂದ ಇಮೇಜ್ ಫೈಲ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾದ ಐಎಸ್‌ಒ ಫೈಲ್, ಮಾಡುವುದನ್ನು ಆರಿಸಿ. ಒಂದೇ ಪದರದ ಡಿವಿಡಿಗೆ 4.7 ಜಿಬಿ, ಎರಡು ಪದರದ್ದಕ್ಕೆ 8.5 ಜಿಬಿ ತನಕ ಜಾಗ ಬೇಕು. ಆ ಐಎಸ್‌ಒ ಫೈಲನ್ನು ಹಾಗೇ ಇಟ್ಟುಕೊಳ್ಳಿ, ಅದೇ ಮೂಲ. ಫೋನಿನಲ್ಲಿ ನೋಡಲು ಹ್ಯಾಂಡ್‌ಬ್ರೇಕ್‌ನಲ್ಲಿ ಗುಣಮಟ್ಟ 20ಕ್ಕೆ ಇಟ್ಟು, ಡಿಇಂಟರ್‌ಲೇಸ್ ಆನ್ ಮಾಡಿ ಒಂದು ಎಂಪಿ4 ಮಾಡಿಕೊಳ್ಳಿ. 720 ಅಡ್ಡ, 576 ಉದ್ದದ ಚಿತ್ರವನ್ನು ದೊಡ್ಡದು ಮಾಡಲು ಹೋಗಬೇಡಿ. ಇಲ್ಲದ ವಿವರ ಬರುವುದಿಲ್ಲ.

ಡ್ರೈವ್ ಡಿಸ್ಕನ್ನು ಖಾಲಿ ಅಂತ ತೋರಿಸಿದರೆ, ಅದು 8 ಸೆಂಟಿಮೀಟರ್‌ನ ಪುಟ್ಟ ಡಿಸ್ಕಾದರೆ, ಕ್ಯಾಮೆರಾದಲ್ಲಿ ಫೈನಲೈಸ್ ಮಾಡಿಲ್ಲ, ಅಂದರೆ ಬರೆದದ್ದನ್ನು ಬೇರೆ ಕಡೆ ಓದುವಂತೆ ಮುಗಿಸಿಲ್ಲ ಅಂತ ತಿಳಿಯಿರಿ. ಅದೇ ಕ್ಯಾಮೆರಾ ಹುಡುಕಿ, ಚಾರ್ಜರ್ ಹೊಂದಿಸಿ, ಅದರಲ್ಲೇ ಫೈನಲೈಸ್ ಮಾಡಿ.

ಡಿಸ್ಕ್ ಹಾಳಾಗಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬೇಕು. ಅದು ಮೊದಲು ಸುಲಭವಾಗಿ ಓದಬಹುದಾದ್ದನ್ನೆಲ್ಲ ಓದಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಈ ಫೈಲ್ ಹೆಸರು ಕೊಡುವುದನ್ನು ಮರೆಯಲೇಬೇಡಿ. ಮಲೆನಾಡಿನ ಮಳೆಗೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲಾಗದು. ಮ್ಯಾಪ್ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಡ್ರೈವ್ ಓದೀತು. ಡಿಸ್ಕ್ ಬದಲಾಯಿಸದೆ, ಡ್ರೈವ್ ಬದಲಾಯಿಸಿ ಅದೇ ಮ್ಯಾಪ್ ಕೊಟ್ಟು ಮತ್ತೆ ಓಡಿಸಿ.

ಚಿಕ್ಕಮ್ಮನ ಆ ಒಂದು ಮದುವೆ ಡಿವಿಡಿಯನ್ನು ಹೀಗೇ ಮೂರು ರಾತ್ರಿ ಓಡಿಸಿದೆ. ಧಾರೆಯ ಏಳು ನಿಮಿಷ ಬರಲೇ ಇಲ್ಲ. ಎರಡನೇ ಡ್ರೈವ್‌ನಲ್ಲೂ ಇಲ್ಲ. ಆಮೇಲೆ ಹೊಳೆಯಿತು, ಸ್ಟುಡಿಯೋದವರು ಒಂದೇ ಸೆಟ್ ಕೊಟ್ಟಿರಲಾರರು. ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ. "ಇನ್ನೊಂದು ಸೆಟ್ ಚಿಕ್ಕಮಗಳೂರಲ್ಲಿ ಬೀಗರ ಮನೇಲಿದೆ ಕಣಪ್ಪ" ಅಂದರು. ಭಾನುವಾರ ಹೋಗಿ ತಂದೆ. ಆ ಡಿಸ್ಕೂ ಹಾಳಾಗಿತ್ತು, ಆದರೆ ಬೇರೆ ಜಾಗದಲ್ಲಿ. ಎರಡೂ ಒಂದೇ ಮೂಲದಿಂದ ಬರೆದ ಪ್ರತಿಗಳಾದ್ದರಿಂದ ಅದೇ ಮ್ಯಾಪ್ ಫೈಲ್ ಕೊಟ್ಟು ಈ ಡಿಸ್ಕಿನಿಂದ ಓದಿಸಿದೆ. ಬಿಟ್ಟುಹೋದ ತುಂಡುಗಳನ್ನು ಮಾತ್ರ ಹುಡುಕಿ ತುಂಬಿಕೊಂಡಿತು. ಒಂದು ಪ್ರತಿ ಮೂಡಿಗೆರೆಗೆ, ಒಂದು ಬೀಗರ ಮನೆಗೆ, ಒಂದು ನನ್ನ ಹಾರ್ಡ್‌ಡಿಸ್ಕಿನಲ್ಲಿ. ಚಿಕ್ಕಮ್ಮ ಮೊದಲು ಧಾರೆಯ ಭಾಗಕ್ಕೇ ಓಡಿಸಿ ನೋಡಿದರು.